ಮುದ್ದೆ ನುಂಗುವ ಊರಿನಲ್ಲಿ ಹೊಟ್ಟೆಯ ಆಪರೇಷನ್

ರಾಗಿ ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುವ ಮೊದಲ ಊಟದ ಪಾಠವೇ ಇದು. ಬಿಸಿ ಮುದ್ದೆಯ ಒಂದು ತುತ್ತು ಮುರಿದು, ಬೆರಳ ತುದಿಯಲ್ಲಿ ಉರುಟು ಮಾಡಿ, ಬಸ್ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ಗಂಟಲಿಗಿಳಿಸಿದವನು ಉಣ್ಣಲು ಬಲ್ಲವನು. ಅಗಿಯುತ್ತ ಕೂತವನನ್ನು ಕಂಡರೆ ಪಂಕ್ತಿಯಲ್ಲಿ ಒಂದು ಸಣ್ಣ ನಗು. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರಿಗೆ ಡಯಟೀಶಿಯನ್ ಹೇಳುವುದು ಇದಕ್ಕೆ ಸರಿಯಾಗಿ ತದ್ವಿರುದ್ಧ: ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಿರಿ, ಬಾಯಲ್ಲೇ ನೀರಾಗುವ ತನಕ ನುಂಗಬೇಡಿ. ಆಸ್ಪತ್ರೆಯಿಂದ ಕೈಗೆ ಬರುವ ಹಾಳೆಯಲ್ಲಿ ‘ಲಿಕ್ವಿಡ್’, ‘ಪ್ಯೂರಿ’, ‘ಸಾಫ್ಟ್’ ಎಂಬ ಮೂರು ಹಂತಗಳಿರುತ್ತವೆ. ಆ ಹಾಳೆ ಹಿಡಿದು ಬೆಂಗಳೂರಿನ ಲಿಂಗರಾಜಪುರದ ಫ್ಲೈಓವರ್ ಇಳಿದು ಮನೆಗೆ ಬಂದವರ ಮುಂದೆ ಇರುವುದು ಬೇರೆಯೇ ಲೋಕ. ಒಂದು ಮನೆಯಲ್ಲಿ ಮುದ್ದೆ, ಪಕ್ಕದ ಮನೆಯಲ್ಲಿ ಅನ್ನ-ರಸಂ, ಎದುರು ಮನೆಯಲ್ಲಿ ಭಾನುವಾರದ ಬಿರಿಯಾನಿ, ಮೂಲೆಯ ಬೇಕರಿಯಲ್ಲಿ ಆಗಷ್ಟೇ ಓವನ್ನಿನಿಂದ ತೆಗೆದ ಪಫ್. ಈ ಆಪರೇಷನ್ ತಗ್ಗಿಸುವುದು ಊಟದ ಪ್ರಮಾಣವನ್ನು. ಏನು ಉಣ್ಣಬೇಕು, ಯಾರು ಬೇಯಿಸಬೇಕು, ಯಾವ ಹೊತ್ತಿಗೆ ಬಡಿಸಬೇಕು ಎಂಬುದನ್ನೆಲ್ಲ ಅದು ಇದ್ದಲ್ಲೇ ಬಿಟ್ಟುಬಿಡುತ್ತದೆ. ಆದ್ದರಿಂದಲೇ ಆಪರೇಷನ್‌ಗೆ ತಾರೀಖು ಗೊತ್ತುಮಾಡುವ ಮೊದಲು ಅಡುಗೆಮನೆಯನ್ನು ಗೊತ್ತುಮಾಡಿಕೊಳ್ಳಬೇಕು ಎಂಬುದು ನನ್ನ ವಾದ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ಉಲ್ಟಾ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. 2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನ ಖಾಸಗಿ ಕ್ಲಿನಿಕ್ಕೊಂದರಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಒಳಗಾಗಿ ತೀರಿಕೊಂಡರು. ಆ ಸುದ್ದಿ ಕೇಳಿ ತೂಕ ಇಳಿಸುವ ಆಪರೇಷನ್ ಎಂದರೆ ಇದೇ ಎಂದುಕೊಂಡವರಿದ್ದಾರೆ. ಎರಡೂ ಒಂದೇ ಅಲ್ಲ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಮೈಯ ಆಕಾರ ತಿದ್ದುವ ಕೆಲಸ. ಅದರಿಂದ ಬೊಜ್ಜುರೋಗವೂ ವಾಸಿಯಾಗುವುದಿಲ್ಲ, ಶುಗರ್ರೂ ಇಳಿಯುವುದಿಲ್ಲ. ನಾವಿಲ್ಲಿ ಮಾತಾಡುತ್ತಿರುವುದು ಜಠರ ಮತ್ತು ಕರುಳಿನ ಮೇಲೆ ಮಾಡುವ ಬೇರಿಯಾಟ್ರಿಕ್ ಆಪರೇಷನ್ ಬಗ್ಗೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸರ್ಜನ್ ಎಡ್ವರ್ಡ್ ಮೇಸನ್ 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಶುರುಮಾಡಿದ್ದಕ್ಕೆ ಕಾರಣ ಒಂದು ಗಮನಿಕೆ: ಹುಣ್ಣಿನ ಕಾರಣಕ್ಕೆ ಜಠರದ ಭಾಗ ತೆಗೆಸಿಕೊಂಡವರು ಮತ್ತೆ ದಪ್ಪವಾಗಲು ಹೆಣಗುತ್ತಿದ್ದರು. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ನೇರ ಸಣ್ಣಕರುಳಿಗೆ ಜೋಡಿಸುತ್ತಾರೆ. ಸ್ಲೀವ್ ಎಂಬ ಇನ್ನೊಂದು ಬಗೆಯ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದು ಬಾಳೆಹಣ್ಣಿನ ಗಾತ್ರದ ಕೊಳವೆಯೊಂದನ್ನು ಉಳಿಸುತ್ತಾರೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ಆ ತೆಗೆದ ಭಾಗದಲ್ಲೇ.

ಯಾರಿಗೆ ಇದು ಬೇಕು? ಎತ್ತರಕ್ಕೂ ತೂಕಕ್ಕೂ ತಾಳೆ ನೋಡುವ ಬಿಎಂಐ ಲೆಕ್ಕದಲ್ಲಿ ಭಾರತೀಯ ವೈದ್ಯರ 2009ರ ಒಮ್ಮತದ ಸೂತ್ರ ಹೀಗಿದೆ: 25 ದಾಟಿದರೆ ಬೊಜ್ಜು, 37.5 ದಾಟಿದರೆ, ಅಥವಾ ಶುಗರ್‌ನಂಥ ಕಾಯಿಲೆ ಜೊತೆಗಿದ್ದು 32.5 ದಾಟಿದರೆ, ಆಪರೇಷನ್ ಯೋಚಿಸಬಹುದು. 155 ಸೆಂಟಿಮೀಟರ್ ಎತ್ತರದ, ಅಂದರೆ ಐದಡಿ ಒಂದಿಂಚಿನ ಹೆಂಗಸಿಗೆ ಇದು ಸುಮಾರು 90 ಕೆ.ಜಿ. ಮತ್ತು 78 ಕೆ.ಜಿ. ಅಮೆರಿಕದವರು 1991ರಿಂದ ಇಟ್ಟುಕೊಂಡಿದ್ದ 40 ಮತ್ತು 35ರ ಗೆರೆಗಿಂತ ಇದು ಕೆಳಗಿದೆ, ಯಾಕೆಂದರೆ ನಮ್ಮ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗ ಕೂರುತ್ತದೆ, ಶುಗರ್ ಕಡಿಮೆ ತೂಕಕ್ಕೇ ಬರುತ್ತದೆ. 2022ರಲ್ಲಿ ಅಂತರರಾಷ್ಟ್ರೀಯ ಸರ್ಜನ್‌ಗಳ ಸಂಘಗಳು ಏಷ್ಯಾದವರಿಗೆ ಈ ಗೆರೆಯನ್ನು 27.5ಕ್ಕೇ ಇಳಿಸಬಹುದು ಎಂದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಗಂಡಸರಲ್ಲೂ ಹೆಂಗಸರಲ್ಲೂ 100ಕ್ಕೆ ಸುಮಾರು 30 ಮಂದಿ ಬಿಎಂಐ 25 ದಾಟಿದವರು. ಅವರೆಲ್ಲರಿಗೂ ಆಪರೇಷನ್ ಬೇಕೆಂದಲ್ಲ. ಆದರೆ ಈ ಮಾತು ಇನ್ನು ಶ್ರೀಮಂತರ ಡ್ರಾಯಿಂಗ್ ರೂಮಿನದಾಗಿ ಉಳಿದಿಲ್ಲ.

‘ಬಾಯಿ ಕಟ್ಟಿ, ಬೆಳಿಗ್ಗೆ ಎದ್ದು ನಾಲ್ಕು ರೌಂಡು ನಡೆದರೆ ಆಯ್ತಪ್ಪ, ಹೊಟ್ಟೆ ಕೊಯ್ಸಿಕೊಳ್ಳೋದು ಯಾಕೆ?’ ಎಂಬ ಆಕ್ಷೇಪ ಮನೆಯಲ್ಲೇ ಮೊದಲು ಹುಟ್ಟುತ್ತದೆ. ತೂಕ ಸ್ವಲ್ಪವೇ ಹೆಚ್ಚಿರುವವರಿಗೆ ಆ ಮಾತು ನಿಜ. ಆದರೆ ಬಹಳ ತೂಕವಿದ್ದವರು ಒಮ್ಮೆ ಇಳಿಸಿದರೆ ಮೈ ಅದನ್ನು ಬರಗಾಲ ಎಂದು ಬಗೆಯುತ್ತದೆ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಬೆವರು ಸುರಿಸಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷದ ನಂತರ ಕೆವಿನ್ ಹಾಲ್ ಎಂಬ ವಿಜ್ಞಾನಿ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸುಮ್ಮನೆ ಕೂತಾಗ ಅವರ ಮೈ ಅಷ್ಟು ತೂಕದವರಿಗೆ ಸಹಜವಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಹೆಚ್ಚಿನವರ ತೂಕ ಮರಳಿ ಬಂದಿತ್ತು. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಇನ್ನು ಪ್ರಾಣಭಯದ ಮಾತು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಆಪರೇಷನ್ ಆದ 4,776 ಮಂದಿಯಲ್ಲಿ 30 ದಿನದೊಳಗೆ ತೀರಿಕೊಂಡವರು ಸಾವಿರಕ್ಕೆ ಮೂವರು. ಅತ್ತ 4,047 ಜನರನ್ನು ಸರಾಸರಿ 11 ವರ್ಷದಷ್ಟು ಕಾಲ ಹಿಂಬಾಲಿಸಿದ ಸ್ವೀಡನ್ನಿನ ಅಧ್ಯಯನದಲ್ಲಿ ಆಪರೇಷನ್ ಮಾಡಿಸಿಕೊಂಡವರ ಕಡೆ 101 ಸಾವು, ಮಾಡಿಸಿಕೊಳ್ಳದ ಅಷ್ಟೇ ಮಂದಿಯ ಕಡೆ 129. ಅಪಾಯ ಇಲ್ಲದ್ದಲ್ಲ, ಸುಮ್ಮನಿರುವುದಕ್ಕೂ ಅಪಾಯವಿದೆ. ಆದರೆ ಅದೇ ಸ್ವೀಡನ್ನಿನ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಬೈಪಾಸ್ ಆದವರ ತೂಕ ಮೊದಲೊಂದೆರಡು ವರ್ಷದಲ್ಲಿ ಶೇ. 32ರಷ್ಟು ಇಳಿದು, ಹತ್ತು ವರ್ಷದ ಹೊತ್ತಿಗೆ ಆ ಇಳಿಕೆ ಶೇ. 25ಕ್ಕೆ ಬಂದು ನಿಂತಿತ್ತು. ಶುಗರ್ ವಿಷಯದಲ್ಲೂ ಹಾಗೆಯೇ. ಕ್ಲೀವ್‌ಲ್ಯಾಂಡ್‌ನಲ್ಲಿ 150 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಐದು ವರ್ಷದ ಬಳಿಕ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಶೇ. 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬೈಪಾಸ್‌ನಲ್ಲಿ ಶೇ. 29, ಸ್ಲೀವ್‌ನಲ್ಲಿ ಶೇ. 23, ಬರೀ ಔಷಧಿಯಲ್ಲಿ ಶೇ. 5. ಔಷಧಿಗಿಂತ ಎಷ್ಟೋ ಮೇಲು. ಆದರೂ ‘ಡಯಾಬಿಟಿಸ್‌ಗೆ ವಿದಾಯ’ ಎಂದು ಜಾಹೀರಾತು ಹಾಕುವವರು 100ರಲ್ಲಿ 70 ಮಂದಿಯನ್ನು ಮರೆತಿರುತ್ತಾರೆ.

ಈಗ ಅಡುಗೆಮನೆಗೆ ಬರೋಣ. ಮೊದಲ ದಿನಗಳಲ್ಲಿ ಒಂದು ಸಲಕ್ಕೆ ಕುಡಿಯಲಾಗುವುದು ಸುಮಾರು 30 ಮಿಲಿ. ಕೆಮ್ಮಿನ ಸಿರಪ್ ಬಾಟಲಿಯ ಮೇಲೆ ಕವುಚಿ ಕೂರುವ ಅಳತೆಯ ಮುಚ್ಚಳವಿರುತ್ತದಲ್ಲ, ಅದರಲ್ಲಿ ಎರಡು ಮೂರು ಅಷ್ಟೆ. ದಿನಕ್ಕೆ ಒಂದೂವರೆ ಲೀಟರ್ ಒಳಗೆ ಹೋಗಬೇಕೆಂದರೆ ಅಂಥ 50 ಗುಟುಕು ಬೇಕು. ಎಚ್ಚರವಿರುವ 16 ಗಂಟೆಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ. ಇದನ್ನು ನೆನಪಿಸುವವರು ಯಾರು ಎಂಬುದೇ ಯೋಜನೆಯ ಮೊದಲ ಪ್ರಶ್ನೆ. ಆಸ್ಪತ್ರೆಯ ಹಾಳೆಯ ‘ಲಿಕ್ವಿಡ್’ ನಮ್ಮ ಭಾಷೆಯಲ್ಲಿ ಬೇಳೆ ಕಟ್ಟು, ಎಳನೀರು, ಶೋಧಿಸಿದ ನೀರು ಮಜ್ಜಿಗೆ, ಆಮೇಲೆ ತೆಳ್ಳನೆಯ ರಾಗಿ ಗಂಜಿ, ಪ್ರೋಟೀನ್ ಪುಡಿ ಕಲಸಿದ ಹಾಲು. ಎರಡು ವಾರ ಕಳೆದ ಮೇಲೆ ಬರುವ ‘ಪ್ಯೂರಿ’ ಎಂದರೆ ನುಣ್ಣಗೆ ಕಡೆದ ಹೆಸರುಬೇಳೆ ತೊವ್ವೆ, ಗಟ್ಟಿ ಮೊಸರು. ಐದನೇ ವಾರದ ಸುಮಾರಿಗೆ ‘ಸಾಫ್ಟ್’: ಮೆತ್ತಗೆ ಬೆಂದ ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಪನೀರ್. ದಿನಗಳ ಲೆಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ, ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ. ಆದರೆ ಪ್ರೋಟೀನಿನ ಲೆಕ್ಕ ಎಲ್ಲೆಡೆಯೂ ಒಂದೇ: ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ. ಅದು ಸಾಲದಿದ್ದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ, ಸುಸ್ತು ಬಿಡುವುದಿಲ್ಲ. ಮೂರನೇ ತಿಂಗಳಿಂದ ಬಾಚಣಿಗೆಗೆ ಕಟ್ಟುಕಟ್ಟು ಬರುವ ಕೂದಲಿಗೆ ತೂಕ ಸರ್ರನೆ ಇಳಿದದ್ದೇ ಮುಖ್ಯ ಕಾರಣ, ಪ್ರೋಟೀನು ಕಡಿಮೆಯಾದರೆ ಅದು ಇನ್ನೂ ಜೋರು.

ಬೆಂಗಳೂರಿನ ತಟ್ಟೆಯಲ್ಲಿ ಈ 60 ಗ್ರಾಂ ಎಲ್ಲಿದೆ? ಆಪರೇಷನ್ ಆಗಿ ಮೂರು ತಿಂಗಳಾದವರು ಒಂದು ಹೊತ್ತಿಗೆ ತಿನ್ನುವುದು ಒಂದು ಸಣ್ಣ ಬಟ್ಟಲು. ಆ ಬಟ್ಟಲಲ್ಲಿ ಅನ್ನ-ಸಾರು ಕಲಸಿದರೆ ಸಿಗುವ ಪ್ರೋಟೀನು ನಾಲ್ಕು ಗ್ರಾಂ ದಾಟುವುದಿಲ್ಲ. ಇಡ್ಲಿಯಲ್ಲಿ ತಲಾ ಎರಡು. ನಾಲ್ಕು ಹೊತ್ತು ಅನ್ನ-ಸಾರನ್ನೇ ಉಂಡರೆ ದಿನದ ಕೊನೆಗೆ 16 ಗ್ರಾಂ. ಅದೇ ಬಟ್ಟಲಲ್ಲಿ ಗಟ್ಟಿ ತೊವ್ವೆ ಇದ್ದರೆ ಎಂಟು, ಎರಡು ಮೊಟ್ಟೆಗೆ 12, ಐವತ್ತು ಗ್ರಾಂ ಪನೀರಿಗೆ ಒಂಬತ್ತು, ಒಂದು ಹಿಡಿ ಸೋಯಾ ಚಂಕ್ಸ್‌ಗೆ 12ರ ಸುಮಾರು, ಎರಡು ಸಣ್ಣ ಲೋಟ ಹಾಲಿಗೆ ಎಂಟು, ಬಟ್ಟಲು ಮೊಸರಿಗೆ ಮೂರೂವರೆ. ಎಲ್ಲ ಕೂಡಿಸಿದರೂ 53 ದಾಟುವುದಿಲ್ಲ; ಇಷ್ಟನ್ನು ಒಂದೇ ದಿನ ತಿನ್ನಲು ಆ ಹೊಟ್ಟೆಯಲ್ಲಿ ಜಾಗವೂ ಇರುವುದಿಲ್ಲ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿಯನ್ನು ವ್ಯಾಪಾರಿಗಳ ಹುನ್ನಾರ ಎಂದು ತಳ್ಳಿಹಾಕುವಂತಿಲ್ಲ, ಅದಕ್ಕೊಂದು ಬಜೆಟ್ ಎತ್ತಿಡಬೇಕು. ಕೋಳಿ, ಮೀನು ತಿನ್ನುವವರಿಗೆ ಲೆಕ್ಕ ಸ್ವಲ್ಪ ಸಲೀಸು. ಬಿರಿಯಾನಿಯಲ್ಲಿ ಪೀಸು ಮೊದಲು, ಅನ್ನ ಆಮೇಲೆ ಎಂದು ಕ್ರಮ ಬದಲಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಕ್ರಮದ ಮಾತು ಬಂದಾಗ ಮುದ್ದೆಗೆ ಮರಳಬೇಕು. ರಾಗಿ ಕೆಟ್ಟದ್ದಲ್ಲ, 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ತೊಂದರೆ ಇರುವುದು ನುಂಗುವ ರೂಢಿಯಲ್ಲಿ. ಅಂಟಂಟಾದ ಉಂಡೆ ಕಿರಿದಾದ ಕೊಳವೆಯ ಬಾಯಲ್ಲಿ ಕೂತರೆ ಎದೆಯಲ್ಲಿ ಕಲ್ಲಿಟ್ಟಂತಾಗಿ, ಬಾಯಿ ತುಂಬ ನೊರೆನೀರು ಬಂದು, ಕೊನೆಗೆ ವಾಂತಿಯೇ ದಾರಿ. ಮೃದು ಬ್ರೆಡ್ಡು, ಮುದ್ದೆಗಟ್ಟಿದ ಅನ್ನ, ಒಣ ಚಪಾತಿಗಳದ್ದೂ ಇದೇ ಚಾಳಿ. ಇದಕ್ಕೆ ಹೆದರಿ ಜನ ಸಲೀಸಾಗಿ ಇಳಿಯುವುದಕ್ಕೆ ಕೈ ಹಾಕುತ್ತಾರೆ, ನಿಜವಾದ ಅಪಾಯ ಅಲ್ಲಿದೆ. ಕಾಫಿಗೆ ಅದ್ದಿದ ಖಾರಾ ಬನ್ನು, ಚಿಪ್ಸು, ಮಿಕ್ಸ್‌ಚರು, ಐಸ್‌ಕ್ರೀಮು, ಕಬ್ಬಿನ ಹಾಲು ಎಷ್ಟು ಚಿಕ್ಕ ಹೊಟ್ಟೆಯಲ್ಲೂ ನಿಲ್ಲದೆ ಜಾರಿಹೋಗುತ್ತವೆ. ಒಂದು ಮೊಟ್ಟೆ ತಿಂದು ಹೊಟ್ಟೆ ತುಂಬಿತು ಎನ್ನುವವರು ಅರ್ಧ ಪೊಟ್ಟಣ ಮಿಕ್ಸ್‌ಚರನ್ನು ಟಿವಿ ಮುಂದೆ ಮುಗಿಸಬಲ್ಲರು. ಕಳೆದುಕೊಂಡ ತೂಕ ಸದ್ದಿಲ್ಲದೆ ಮರಳುವ ಬಾಗಿಲು ಇದೇ. ಬೈಪಾಸ್ ಆದವರಿಗೆ ಪಾಯಸ, ಕಬ್ಬಿನ ಹಾಲಿನಂಥ ಸಿಹಿ ಕರುಳಿಗೆ ಒಮ್ಮೆಲೇ ನುಗ್ಗಿ ಎದೆ ಹೊಡೆದುಕೊಂಡು, ಬೆವರು ಕಿತ್ತು, ಭೇದಿಯೂ ಆಗಬಹುದು. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ ಎಂಬ ನಿಯಮವೂ ನಮಗೆ ಹೇಳಿದಷ್ಟು ಸುಲಭವಲ್ಲ. ನಮ್ಮ ಊಟದಲ್ಲಿ ನೀರು ಲೋಟದಲ್ಲಿಲ್ಲ, ತಟ್ಟೆಯಲ್ಲೇ ಇದೆ. ಕೈ ತುಂಬ ಸಾರು ಸುರಿದು ಅನ್ನವನ್ನು ಸೊರ್ರನೆ ಎಳೆಯುವುದನ್ನು ಬಿಟ್ಟು, ಬೇಳೆಯನ್ನು ಗಟ್ಟಿಯಾಗಿ ಬೇಯಿಸಿ ಚಮಚದಲ್ಲಿ ತಿನ್ನುವುದನ್ನು ಕಲಿಯಬೇಕು. ಇದನ್ನು ಆಪರೇಷನ್ ಆದ ಮೇಲೆ ನೋವಿನ ನಡುವೆ ಕಲಿಯುವುದಕ್ಕಿಂತ ಒಂದು ತಿಂಗಳು ಮುಂಚೆ ಕಲಿಯುವುದು ಮೇಲು. ಯಕೃತ್ತಿನ ಕೊಬ್ಬು ಇಳಿಸಿ ಸರ್ಜನ್‌ಗೆ ಜಾಗ ಮಾಡಿಕೊಡಲೆಂದು ಎಷ್ಟೋ ಆಸ್ಪತ್ರೆಗಳು ಹೇಗೂ ಎರಡು ವಾರ ಮುಂಚೆ ಕಡಿಮೆ ಕ್ಯಾಲೊರಿಯ ಪಥ್ಯ ಶುರುಮಾಡಿಸುತ್ತವೆ.

ಇದೆಲ್ಲ ಮಾಡುವವರು ಯಾರು? ಆಪರೇಷನ್ ಮಾಡಿಸಿಕೊಂಡವನು ಗಂಡಸಾದರೆ ಮನೆಯಲ್ಲಿ ಯಾರಾದರೂ ತೊವ್ವೆ ಕಡೆದು ಕೊಡುತ್ತಾರೆ. ಹೆಂಗಸಾದರೆ ಪ್ರಶ್ನೆ ಗಂಭೀರ. ಎಲ್ಲರಿಗೂ ಬಡಿಸಿ, ಕೊನೆಗೆ ನಿಂತುಕೊಂಡೇ, ಪಾತ್ರೆಯಲ್ಲಿ ಉಳಿದದ್ದನ್ನು ಉಣ್ಣುವ ಪದ್ಧತಿ ಇನ್ನೂ ಹೋಗಿಲ್ಲ. ಪಾತ್ರೆಯಲ್ಲಿ ಉಳಿಯುವುದು ಅನ್ನ ಮತ್ತು ತಿಳಿ. ಮೊಟ್ಟೆ, ಪೀಸು, ಪನೀರು ಗಂಡ-ಮಕ್ಕಳ ತಟ್ಟೆಗೆ ಹೋಗಿರುತ್ತವೆ. ‘ಚೆಲ್ಲೋದು ಯಾಕೆ’ ಎಂದು ಮಕ್ಕಳು ಬಿಟ್ಟ ಅರ್ಧ ದೋಸೆಯೂ ಅವಳ ಪಾಲಿಗೇ. ದಿನಕ್ಕೆ ನಾಲ್ಕಾರು ಬಟ್ಟಲು ಮಾತ್ರ ಉಣ್ಣಲಾಗುವವಳಿಗೆ ಈ ಪದ್ಧತಿ ಸೀದಾ ಅಪೌಷ್ಟಿಕತೆಯ ದಾರಿ. ಅವಳು ಮೊದಲು ಕೂತು, ಅರ್ಧ ಗಂಟೆ ನಿಧಾನವಾಗಿ ಉಣ್ಣಬೇಕು, ಅವಳು ಉಣ್ಣುವ ತನಕ ಮನೆಯವರು ಕಾಯಬೇಕು. ಅತ್ತೆಗೆ ಇದನ್ನು ಹೇಳುವ ಧೈರ್ಯ ಸೊಸೆಗಿಲ್ಲದಿದ್ದರೆ ಡಾಕ್ಟರೇ ಹೇಳಲಿ. ಚೇತರಿಕೆಯ ದಿನಗಳಲ್ಲೂ ಹಾಗೇ. ಕೀಹೋಲ್ ಆಪರೇಷನ್ ಆದ್ದರಿಂದ ಎರಡು ಮೂರು ದಿನದಲ್ಲಿ ಮನೆಗೆ ಕಳಿಸುತ್ತಾರೆ, ಕಾಲಿನ ರಕ್ತ ಹೆಪ್ಪುಗಟ್ಟದಿರಲೆಂದು ಆಪರೇಷನ್ ಆದ ದಿನವೇ ಎಬ್ಬಿಸಿ ನಡೆಸುತ್ತಾರೆ. ನಡೆಯುವುದನ್ನು ನೋಡಿ ಮನೆಯವರು ಎಲ್ಲ ಸರಿಹೋಯಿತು ಎಂದುಕೊಳ್ಳುತ್ತಾರೆ. ನಾಲ್ಕರಿಂದ ಆರು ವಾರ ಭಾರ ಎತ್ತಬಾರದು ಎಂದರೆ 20 ಲೀಟರಿನ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ತುಂಬಿದ ಕುಕ್ಕರು, ಎತ್ತಿಕೋ ಎಂದು ಅಳುವ ಮಗು ಎಂದು ಬಿಡಿಸಿ ಬರೆದುಕೊಡಬೇಕು.

‘ಜೀವಮಾನವಿಡೀ ಮಾತ್ರೆ ನುಂಗಬೇಕಲ್ಲ, ಆಮೇಲೆ ಲಾಭವೇನು?’ ಎನ್ನುವವರಿದ್ದಾರೆ. ಹೌದು, ನುಂಗಬೇಕು: ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಮಲ್ಟಿವಿಟಮಿನ್. ಆದರೆ ಬಿಪಿ, ಶುಗರ್‌ಗೆ ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಎದುರು ಇದನ್ನಿಟ್ಟು ತೂಗಬೇಕು. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಆಪರೇಷನ್‌ಗೆ ಮುಂಚೆಯೇ ತಳ ಮುಟ್ಟಿರುವುದುಂಟು, ಆದ್ದರಿಂದ ರಕ್ತ ಪರೀಕ್ಷೆ ಮೊದಲೇ ಆಗಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ-ಟೀ ಜೊತೆಗೂ, ಕ್ಯಾಲ್ಸಿಯಂ ಜೊತೆಗೂ ತೆಗೆದುಕೊಂಡರೆ ಅದು ಮೈಗೆ ಹತ್ತುವುದಿಲ್ಲ. ಎರಡು ಗಂಟೆ ಅಂತರ ಬೇಕು. ಬೈಪಾಸ್ ಆದವರು ಮಂಡಿ ನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಗುಳಿಗೆ ನುಂಗಿದರೆ ಹೊಲಿಗೆಯ ಜಾಗದಲ್ಲಿ ಹುಣ್ಣಾಗಬಹುದು. ಇವೆಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ದಿನಗಟ್ಟಲೆ ವಾಂತಿಯಾದರೆ ಬಿ1, ಅಂದರೆ ಥಯಾಮಿನ್, ಬೇಗ ಖಾಲಿಯಾಗುತ್ತದೆ. ಕಣ್ಣಿಗೆ ಎರಡೆರಡು ಕಾಣುವುದು, ನಡಿಗೆ ತಡವರಿಸುವುದು, ಮಾತು ಗಲಿಬಿಲಿಯಾಗುವುದು ಅದರ ಲಕ್ಷಣ. ಸುಸ್ತಾದರೆ ಹತ್ತಿರದ ನರ್ಸಿಂಗ್ ಹೋಮಿಗೆ ಹೋಗಿ ಒಂದು ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡು ಬರುವುದು ನಮ್ಮ ಬಡಾವಣೆಗಳ ಹಳೇ ರೂಢಿ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿ ಹೆಚ್ಚುವ ಅಪಾಯವಿದೆ. ಯಾವ ಆಪರೇಷನ್, ಎಂದು, ಎಲ್ಲಿ ಎಂದು ಬರೆದ ಚೀಟಿ ಆಧಾರ್ ಕಾರ್ಡಿನಂತೆ ಜೇಬಿನಲ್ಲಿರಬೇಕು. ಮೊದಲ ವಾರಗಳಲ್ಲಿ ಜ್ವರ, ಹೊಟ್ಟೆಯಲ್ಲೋ ಎಡ ಭುಜದಲ್ಲೋ ನೋವು, ಏದುಸಿರು, ನಾಡಿ 120 ದಾಟುವುದು ಕಂಡರೆ ಹೊಲಿಗೆ ಸೋರುತ್ತಿರಬಹುದು. ಗ್ಯಾಸ್ ಎಂದು ಜೆಲುಸಿಲ್ ಕುಡಿದು ಬೆಳಗಾಗಲೆಂದು ಕಾಯದೆ ಆಪರೇಷನ್ ಆದ ಆಸ್ಪತ್ರೆಗೇ ಹೊರಡಬೇಕು.

ಈಚೆಗೆ ಕೇಳಿಬರುವ ಬಲವಾದ ಆಕ್ಷೇಪ ತೂಕ ಇಳಿಸುವ ಇಂಜೆಕ್ಷನ್ನಿನದು. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂದಿವೆ. ವಾರಕ್ಕೊಂದು ಚುಚ್ಚಿಕೊಂಡರೆ ಆಗುವಾಗ ಹೊಟ್ಟೆ ಕೊಯ್ಯಿಸಿಕೊಳ್ಳಬೇಕೆ? ಕೆಲವರಿಗೆ ನಿಜಕ್ಕೂ ಬೇಕಿಲ್ಲ. ವೆಗೋವಿಯ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು, ಮೌಂಜಾರೊದ ದೊಡ್ಡ ಡೋಸಿನಲ್ಲಿ 72 ವಾರಕ್ಕೆ ಶೇ. 20ರಷ್ಟು ತೂಕ ಇಳಿದಿದೆ, ಇದು ಸಣ್ಣ ಮಾತಲ್ಲ. ಆದರೆ ವೆಗೋವಿ ಚುಚ್ಚುವುದನ್ನು ನಿಲ್ಲಿಸಿದ ಮೇಲೆ ಒಂದೇ ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ಮರಳಿತು ಎಂದು 2022ರ ವರದಿ ಹೇಳಿತು. ಅಂದರೆ ಖರ್ಚು ತಿಂಗಳು ತಿಂಗಳೂ ನಡೆಯುತ್ತಿರಬೇಕು. ಇಷ್ಟಕ್ಕೂ ಇಂಜೆಕ್ಷನ್ ನನ್ನ ವಾದವನ್ನು ಸಡಿಲಿಸುವುದಿಲ್ಲ. ಹಸಿವು ಸತ್ತವರೂ ಉಣ್ಣುವುದು ಅದೇ ಸಣ್ಣ ಬಟ್ಟಲು, ಆ ಬಟ್ಟಲಲ್ಲಿ ಅನ್ನ-ಸಾರೇ ಇದ್ದರೆ ಅವರ ಮಾಂಸಖಂಡವೂ ಅದೇ ರೀತಿ ಕರಗುತ್ತದೆ.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರಿಕೆ. ವಿಮಾ ನಿಯಂತ್ರಕ ಐಆರ್‌ಡಿಎಐ ಷರತ್ತಿನಲ್ಲಿ ಈಗಲೂ ಹಳೇ ಗೆರೆಯೇ ಇದೆ: ಬಿಎಂಐ 40, ಅಥವಾ ಹತೋಟಿಗೆ ಬಾರದ ಶುಗರ್, ಹೃದ್ರೋಗ, ತೀವ್ರ ನಿದ್ರಾ ಉಸಿರುಕಟ್ಟಿನಂಥ ಕಾಯಿಲೆ ಇದ್ದು 35. ವೈದ್ಯರ ಸೂತ್ರದಲ್ಲಿ ಅರ್ಹರಾದ ಐದಡಿ ಒಂದಿಂಚಿನ, 80 ಕೆ.ಜಿ.ಯ ಮಧುಮೇಹಿಗೆ ವಿಮೆ ಇಲ್ಲ ಎನ್ನಬಹುದು. ದುಡ್ಡಿನ ಲೆಕ್ಕದ ಜೊತೆಗೆ ಹಬ್ಬಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಏಕಾದಶಿಯ ನಿರಾಹಾರ, ರಂಜಾನಿನಲ್ಲಿ ಹಗಲಿಡೀ ನೀರು ಬಿಡುವುದು ಮೊದಲ ವರ್ಷ ಮೈಗೆ ಒಗ್ಗುವುದು ಕಷ್ಟ. ಕಾಯಿಲೆಯವರಿಗೆ ಇಂಥ ಉಪವಾಸಗಳಿಂದ ವಿನಾಯಿತಿ ಇದೆ. ಕ್ರಿಸ್‌ಮಸ್‌ನ ವೈನಿನಲ್ಲಿ ಮೊದಲಿನ ಅರ್ಧಕ್ಕೇ ನಶೆ ಏರುತ್ತದೆ. ಬೈಪಾಸ್ ಆದವರಲ್ಲಿ ಎರಡನೇ ವರ್ಷದಿಂದ ಕುಡಿತದ ಚಟ ಹೆಚ್ಚಿದ್ದನ್ನು 2012ರ ಅಧ್ಯಯನವೇ ತೋರಿಸಿದೆ. ಮಗು ಬೇಕೆನ್ನುವವರು 12ರಿಂದ 18 ತಿಂಗಳು ತಡೆಯಬೇಕು. ಮದುವೆ ಮನೆಯಲ್ಲಿ ‘ಇನ್ನೊಂದು ಹೋಳಿಗೆ’ ಎಂದು ಕೈಹಿಡಿದು ಬಡಿಸುವವರಿಗೆ ಏನು ಹೇಳಬೇಕು ಎಂಬುದನ್ನು ಗಂಡ-ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರೆ ಒಳ್ಳೆಯದು.

ನೀವೋ ನಿಮ್ಮ ಮನೆಯವರೋ ಈ ಆಪರೇಷನ್ ಯೋಚಿಸುತ್ತಿದ್ದರೆ, ತಾರೀಖು ಕೇಳುವ ಮೊದಲು ಒಂದು ವಾರ ಮನೆಯಲ್ಲಿ ಯಾರು ಏನು ತಿಂದರು ಎಂದು ಬರೆದಿಡಿ, ಬೇಕರಿಯ ಪೊಟ್ಟಣ ಮತ್ತು ಕಾಫಿಗೆ ಹಾಕಿದ ಸಕ್ಕರೆ ಸಹಿತ. ಆ ಚೀಟಿಯ ಜೊತೆ ಮನೆಯಲ್ಲಿ ಅಡುಗೆ ಮಾಡುವವರನ್ನೂ ಕರೆದುಕೊಂಡು ಡಯಟೀಶಿಯನ್ ಮುಂದೆ ಕೂರಿ. ಆಸ್ಪತ್ರೆಯಲ್ಲಿ ಡಯಟೀಶಿಯನ್ ಇಲ್ಲ ಎಂದರೆ ಬೇರೆ ಆಸ್ಪತ್ರೆ ನೋಡಿ.